ಕೊನೆಯ ರೀಲು ಬರದ ಸಿನಿಮಾ

ನಮ್ಮ ತಾತ ಒಂದು ಕೊಲೆ ಮಾಡಿದ್ದರು. ಹಾಗಂತ ಅವರೇ ಹೇಳಿಕೊಳ್ಳುತ್ತಿದ್ದರು. ಸತ್ತವಳು ಇಂಗ್ಲೆಂಡಿನ ಒಂದು ಮೂಕಿ ಸಿನಿಮಾದ ನಾಯಕಿ.

ಆಗ ತಾತನಿಗೆ ಇಪ್ಪತ್ತರ ಆಸುಪಾಸು. ಮೈಸೂರಿನ ಸಿನಿಮಾ ಟೆಂಟಿನಲ್ಲಿ ಪರದೆಯ ಪಕ್ಕ ನಿಂತು, ಕಥೆಯನ್ನು ಜನಕ್ಕೆ ಕನ್ನಡದಲ್ಲಿ ಕೂಗಿ ಹೇಳುವುದು ಅವರ ಕೆಲಸ. ಆ ಚಿತ್ರ ಸಿನಿಮಾ ಮಂದಿಯ ಬಗ್ಗೆಯೇ ತೆಗೆದದ್ದು: ಹಳ್ಳಿ ಹುಡುಗಿಯೊಬ್ಬಳು ನಟಿಯಾಗಲು ಲಂಡನ್ನಿನ ಸ್ಟುಡಿಯೋ ಸೇರಿ ಪಡಬಾರದ ಪಾಡು ಪಡುತ್ತಾಳೆ. ಅದರ ಕೊನೆಯ ರೀಲು ರೈಲಿನಲ್ಲಿ ಬರಲೇ ಇಲ್ಲ. ಪರದೆ ಬೆಳ್ಳಗಾಯಿತು, ಜನ ಬೆಂಚು ಕುಟ್ಟತೊಡಗಿದರು. ಮ್ಯಾನೇಜರು ತಾತನ ಕಿವಿಯಲ್ಲಿ, "ಏನಾದ್ರೂ ಹೇಳ್ಬುಟ್ಟು ಬೇಗ ಮುಗ್ಸೋ" ಅಂದರಂತೆ. ಬೇಗ ಮುಗಿಸುವುದಕ್ಕೆ ಸಾವಿಗಿಂತ ಸುಲಭದ ದಾರಿ ಯಾವುದಿದೆ? ತಾತ ಸ್ಟುಡಿಯೋದ ದೊಡ್ಡ ದೀಪವೊಂದನ್ನು ಅವಳ ತಲೆಯ ಮೇಲೆ ಬೀಳಿಸಿದರು. ಜನ ಗೊಳೋ ಎಂದು ಅತ್ತು ಮನೆಗೆ ಹೋದರು.

ಅಷ್ಟು ವರ್ಷ ಸುಮ್ಮನಿದ್ದವಳು, ತಾತನಿಗೆ ತೊಂಬತ್ತು ದಾಟಿದ ಮೇಲೆ ಬೆನ್ನು ಹತ್ತಿದಳು. ನಾನು ನಜರ್‌ಬಾದಿನ ಅವರ ಮನೆಗೆ ಕಾಲಿಟ್ಟರೆ ಸಾಕು, "ನಿಜವಾಗ್ಲೂ ಸತ್ತೋದ್ಳಾ ಅವ್ಳು? ನೀನು ಓದ್ದೋಳು, ವಸಿ ನೋಡ್ಬುಟ್ಟು ಹೇಳವ್ವ" ಎಂದು ಪ್ರಾಣ ತಿನ್ನುತ್ತಿದ್ದರು. ಮೊದಮೊದಲು ರೇಗುತ್ತಿದ್ದೆ. ಮೊಮ್ಮಗಳಿಗೆ ಬೇರೆ ಕೆಲಸವಿಲ್ಲವೇ? ಆಮೇಲೆ ನನಗೂ ಅದೇ ಚಡಪಡಿಕೆ ಅಂಟಿತು. ಟ್ಯುಟೋರಿಯಲ್‌ನಲ್ಲಿ ಪಾಠ ಮಾಡುವಾಗ ನಡುವೆಯೇ ಅವಳ ನೆನಪಾಗಿ, ಎಲ್ಲಿಗೆ ನಿಲ್ಲಿಸಿದೆ ಎಂದು ಹುಡುಗರನ್ನೇ ಕೇಳುವಂತಾಯಿತು.

ಎರಡು ಸಾವಿರದ ಇಸವಿಯ ಹೊತ್ತಿಗೆ ಸರಸ್ವತಿಪುರಂನಲ್ಲಿ ಇಂಟರ್ನೆಟ್ ಅಂಗಡಿಗಳು ಬಂದಿದ್ದವು. ಪಾಠ ಮುಗಿದೊಡನೆ ಅಲ್ಲಿಗೆ ಓಡುತ್ತಿದ್ದೆ. ಚಿತ್ರದ ಹೆಸರನ್ನು ತಾತ ಮರೆತಿರಲಿಲ್ಲ. ಅದನ್ನು ಹಾಕಿ ಹುಡುಕುತ್ತಿದ್ದೆ; ಒಂದು ಪುಟ ತೆರೆದುಕೊಳ್ಳುವಷ್ಟರಲ್ಲಿ ಕೈಯ ಉಗುರೆಲ್ಲ ಕಚ್ಚಿ ಮುಗಿದಿರುತ್ತಿತ್ತು. ಒಂದು ಸಂಜೆ ಸಿಕ್ಕಿತು. ನಾಲ್ಕೇ ಸಾಲು. ಚಿತ್ರ ಕಳೆದುಹೋಗಿದೆ, ಒಂದು ಪ್ರತಿಯೂ ಎಲ್ಲೂ ಉಳಿದಿಲ್ಲ, ಕಥೆ ಹೇಗೆ ಮುಗಿಯುತ್ತಿತ್ತೆಂದು ಯಾರಿಗೂ ತಿಳಿಯದು.

ನನಗೆ ಖುಷಿಯೇ ಆಯಿತು. ಇನ್ನು ತಾತ ಹೇಳಿದ್ದು ತಪ್ಪು ಎನ್ನುವವರೇ ಇಲ್ಲವಲ್ಲ! ಬಸ್ಸಿಗೆ ಕಾಯುವ ತಾಳ್ಮೆಯಿಲ್ಲದೆ ಆಟೋ ಹತ್ತಿ ಹೋದೆ. ಚಪ್ಪಲಿ ಬಿಡುವ ಮೊದಲೇ ಹೇಳಿದೆ: "ತಾತ, ಆ ಸಿನಿಮಾ ಭೂಮಿ ಮೇಲೆ ಎಲ್ಲೂ ಇಲ್ವಂತೆ. ಕೊನೆ ಏನಾಯ್ತು ಅಂತ ಯಾರ್ಗೂ ಗೊತ್ತಿಲ್ಲ. ಇನ್ಮೇಲೆ ನೀವು ಹೇಳಿದ್ದೇ ನಿಜ. ಯೋಚ್ನೆ ಬುಡಿ."

ತಾತ ಮಂಚದ ಮೇಲೆ ಎದ್ದು ಕುಳಿತರು. "ಒಂದೂ ಉಳ್ದಿಲ್ವಾ?"

"ಒಂದೂ ಇಲ್ಲ."

"ನಾನು ಇಲ್ಲಿ ಸಾಯ್ಸಿದ್ರೂ, ಅವ್ರ ದೇಶದಲ್ಲಿ, ಆ ರೀಲ್ನಲ್ಲಿ, ಬದುಕವ್ಳೆ ಅನ್ಕೊಂಡಿದ್ದೆ ಕಣವ್ವ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳು ಊರಿಗೆ ಮರಳಿ, ಮದುವೆಯಾಗಿ, ಮಕ್ಕಳೊಂದಿಗೆ ಸುಖವಾಗಿದ್ದಳು ಎಂದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?