ಬೀದಿ ಮೇಡಂಗೊಂದು ಸೂರು

ಸಮಾಜಶಾಸ್ತ್ರವೆಂದರೆ ದಪ್ಪ ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಬಿಸಿಲು ತಾಕದಂತೆ ಕುಳಿತಿರುವ ವಿದ್ಯೆಯೆಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅದರ ಕೈಹಿಡಿದು ಬೀದಿಗೆ ಕರೆತಂದ ಕೆಲವೇ ಅಧ್ಯಾಪಕರಲ್ಲಿ ಈ ಸಂಪುಟದ ಅಭಿನಂದಿತರು ಅಗ್ರಗಣ್ಯರು. ಲಿಂಗ, ಜನಾಂಗ, ವೃದ್ಧಾಪ್ಯ, ನಗರ ಜೀವನ ಎಂಬ ವಿಷಯಗಳನ್ನು ದಶಕಗಳ ಕಾಲ ಬೋಧಿಸಿದ ಅವರನ್ನು ವಿದ್ಯಾರ್ಥಿಗಳು ಬೆನ್ನ ಹಿಂದೆ ‘ಬೀದಿ ಮೇಡಂ’ ಎಂದೇ ಕರೆಯುತ್ತಿದ್ದರು. ಅವರಿಗದು ಗೊತ್ತಿತ್ತು, ಗೊತ್ತಿಲ್ಲದವರಂತೆ ಇದ್ದರು. ಇಂಥವರ ನಿವೃತ್ತಿಗೆಂದು ಈ ಅಭಿನಂದನ ಸಂಪುಟ ಸಿದ್ಧವಾಗುತ್ತಿದ್ದಾಗ, ಅದರ ಸಂಪಾದಕಿಯೂ ಅವರ ಹಳೆಯ ಶಿಷ್ಯೆಯೂ ಆದ ಅಧ್ಯಾಪಕಿಗೆ ಮಾತ್ರ ನಿದ್ದೆ ಹತ್ತುತ್ತಿರಲಿಲ್ಲ. ಹೊಗಳಿಕೆಯ ಲೇಖನಗಳು ರಾಶಿ ಬಿದ್ದಿದ್ದವು, ಸಭಾಂಗಣ ಗೊತ್ತಾಗಿತ್ತು. ಆದರೆ ವಿಶ್ವವಿದ್ಯಾಲಯದ ವಸತಿಗೃಹ ಬಿಟ್ಟ ಮೇಲೆ ಮೇಡಂ ಇರುವುದಕ್ಕೆ ಮನೆಯೇ ಸಿಕ್ಕಿರಲಿಲ್ಲ. ಈಗ ಸಿಕ್ಕಿದೆ. ಅಬ್ಬಾ! ಇನ್ನು ನಿರಾಳವಾಗಿ ಹೊಗಳಬಹುದು.

ಶಿಷ್ಯೆ ಅವರನ್ನು ಮೊದಲು ಕಂಡದ್ದು ತರಗತಿಯಲ್ಲಲ್ಲ, ವಿಭಾಗದ ಶೌಚಾಲಯಗಳ ಎದುರಿಗೆ. ಲಿಂಗ ಸಮಾನತೆಯ ಮೊದಲ ಪಾಠವನ್ನು ಮೇಡಂ ಅಲ್ಲೇ ನಿಂತು ಮಾಡಿದರು. ಗಂಡಸರಿಗೆ ಮೂರು ಬಾಗಿಲು, ಹೆಂಗಸರಿಗೆ ಒಂದು. ಆ ಒಂದಕ್ಕೂ ಬೀಗ, ಬೀಗದ ಕೈ ಗುಮಾಸ್ತರ ಮೇಜಿನೊಳಗೆ. “ಇದನ್ನ ಯಾವ ಪುಸ್ತಕದಲ್ಲಿ ಹುಡುಕ್ತೀರಿ?” ಎಂದು ಕೇಳಿದರು. ಗುಮಾಸ್ತರು ಗೊಣಗಿದರೂ ಮುಂದಿನ ವಾರ ಬೀಗ ಮಾಯವಾಗಿತ್ತು.

ಈ ಶಿಷ್ಯೆಯ ತಾತ ಕಡಲಾಚೆಯಿಂದ ಬಂದು ನೆಲೆಸಿದವರು. ಮೂರನೆಯ ತಲೆಮಾರಿನ ಅವಳ ಮಾತು ಪೂರ್ತಿ ಇಲ್ಲಿಯದೇ ಆಗಿದ್ದರೂ, ಅವಳ ಕಡುಗಪ್ಪು ಬಣ್ಣವನ್ನೂ ಗುಂಗುರು ಕೂದಲನ್ನೂ ಕಂಡವರು “ಯಾವ ದೇಶ?” ಎಂದು ಕೇಳುವುದನ್ನು ಬಿಟ್ಟಿರಲಿಲ್ಲ. ಹಾಸ್ಟೆಲು ದುರಸ್ತಿಗೆಂದು ಮುಚ್ಚಲಿತ್ತು, ಅವಳಿಗೆ ಯಾರೂ ರೂಮು ಕೊಡುತ್ತಿರಲಿಲ್ಲ. ಜನಾಂಗಭೇದದ ಪಾಠದ ನಡುವೆ ಅವಳು ಎದ್ದು ನಿಂತು, “ಮೇಡಂ, ಪುಸ್ತಕದಲ್ಲಿರೋದೆಲ್ಲ ಸರಿ. ರೂಮು ಸಿಗದಿದ್ರೆ ನಾನು ಓದು ಬಿಟ್ಟು ಹೋಗ್ಬೇಕಷ್ಟೆ” ಎಂದಳು. ಮೇಡಂ ಪುಸ್ತಕ ಮುಚ್ಚಿ, “ಏಳಿ, ಪಾಠ ಹೊರಗಿದೆ” ಎಂದರು.

ಬಾಡಿಗೆ ಫಲಕ ತೂಗಿದ್ದ ಪ್ರತಿ ಮನೆಗೂ ಮೊದಲು ಶಿಷ್ಯೆ, ಅವಳ ಹಿಂದೆಯೇ ಬೆಳ್ಳಗಿನ ಮೈಬಣ್ಣದ ಸಹಪಾಠಿಯೊಬ್ಬಳು ಹೋಗಿ ಕೇಳಬೇಕೆಂದು ತೀರ್ಮಾನವಾಯಿತು. ಮೊದಲ ಮನೆಯ ಯಜಮಾನರು ಶಿಷ್ಯೆಗೆ, “ಅಯ್ಯೋ, ಈಗ ತಾನೆ ಹೋಯ್ತಲ್ಲಮ್ಮಾ!” ಎಂದು ಮರುಗಿದರು, ಸಹಪಾಠಿಗೆ “ಬನ್ನಿ ಬನ್ನಿ, ಒಳಗೆ ನೋಡಿ” ಎಂದರು. ಆಗ ಮೇಡಂ ತಾವೇ ಹೋಗಿ ಗಂಟೆ ಒತ್ತಿ, “ಈಗ ತಾನೆ ಹೋದದ್ದು ಈಗ ತಾನೆ ವಾಪಸ್ ಬಂತಾ ಸ್ವಾಮಿ?” ಎಂದು ಕೇಳಲು, ಯಜಮಾನರು ಪೆಚ್ಚಾಗಿ ಕೊಡಲು ಒಪ್ಪಿದರು. ಶಿಷ್ಯೆಯೇ ಒಪ್ಪಲಿಲ್ಲ. “ಬೇಡ ಅಂದವರ ಮನೇಲಿ ನಿದ್ದೆ ಬರುತ್ತಾ ಮೇಡಂ?”

ಇದನ್ನೆಲ್ಲ ಎದುರಿನ ಹೊಲಿಗೆ ಅಂಗಡಿಯ ಅಜ್ಜಿ ನೋಡುತ್ತಿದ್ದರು. “ನನ್ನ ಅಂಗಡಿ ಮೇಲೊಂದು ರೂಮಿದೆ. ಆದ್ರೆ ಒಂದು ಷರತ್ತು. ನಾನು ಕೆಳಗೆ ಒಬ್ಬಳೇ ಮಲಗ್ತೀನಿ. ಬೆಳಿಗ್ಗೆ ಎದ್ದ ಕೂಡ್ಲೇ ಮೇಲಿಂದ ‘ಎದ್ರಾ ಅಜ್ಜಿ’ ಅಂತ ಕೂಗ್ಬೇಕು. ನಾನು ಓ ಅನ್ಲಿಲ್ಲ ಅಂದ್ರೆ ಇಳಿದು ಬರ್ಬೇಕು. ಅಷ್ಟೇ.” ಮರುವರ್ಷದಿಂದ ಮೇಡಂ ವೃದ್ಧಾಪ್ಯದ ಪಾಠವನ್ನು ಈ ಷರತ್ತಿನಿಂದಲೇ ಆರಂಭಿಸತೊಡಗಿದರು.

ಶಿಷ್ಯೆ ಓದು ಮುಗಿಸಿದಳು, ಮೇಡಂ ಮಾರ್ಗದರ್ಶನದಲ್ಲೇ ಸಂಶೋಧನೆ ಮಾಡಿ ಅದೇ ವಿಭಾಗದಲ್ಲಿ ಕೆಲಸಕ್ಕೆ ಸೇರಿದಳು. ರೂಮು ಮಾತ್ರ ಬದಲಿಸಲಿಲ್ಲ. ಒಂದು ಬೆಳಿಗ್ಗೆ ಅಜ್ಜಿ ಓಗೊಡಲಿಲ್ಲ. ಸುದ್ದಿ ತಿಳಿದು ಎಲ್ಲರಿಗಿಂತ ಮೊದಲು ಓಡಿಬಂದ ಮೇಡಂ ಆ ಇಡೀ ದಿನ ಶಿಷ್ಯೆಯ ಪಕ್ಕದಲ್ಲೇ ಕುಳಿತಿದ್ದರು. ಅಜ್ಜಿಯ ಮಗಳು ಹೊಲಿಗೆ ಯಂತ್ರವನ್ನು ದೂರದ ತಮ್ಮ ಮನೆಗೆ ಒಯ್ದರು, ಕೆಳಗಿನ ಅಂಗಡಿ ಖಾಲಿ ಉಳಿಯಿತು.

ನಿವೃತ್ತಿ ಹತ್ತಿರವಾದಾಗ ಗುರುವೂ ಶಿಷ್ಯೆಯೂ ಮತ್ತೆ ಬಾಡಿಗೆ ಫಲಕಗಳ ಬೆನ್ನು ಹತ್ತಿದರು. “ಒಬ್ಬರೇನಾ? ಯಜಮಾನರು? ಮಕ್ಕಳು?” ಯಾರೂ ಇಲ್ಲವೆಂದರೆ, “ಬೇಜಾರು ಮಾಡ್ಕೋಬೇಡಿ, ನಾಳೆ ನಿಮಗೇನಾದ್ರೂ ಆದ್ರೆ ನಾವೆಲ್ಲಿ ಓಡೋದು?” ಎನ್ನುತ್ತಿದ್ದರು ಮನೆಯವರು. “ಆವತ್ತು ನಿನ್ನ ಬಣ್ಣ, ಇವತ್ತು ನನ್ನ ವಯಸ್ಸು. ಬಾಗಿಲು ಹಾಕೋ ಸದ್ದು ಮಾತ್ರ ಒಂದೇ ಕಣೇ!” ಎಂದು ಮೇಡಂ ಮೊದಮೊದಲು ನಗುತ್ತಿದ್ದರು. ಆಮೇಲೆ ನಗು ನಿಂತಿತು. ವಸತಿಗೃಹದಲ್ಲಿ ಕಟ್ಟಿಟ್ಟ ಪುಸ್ತಕದ ಪೆಟ್ಟಿಗೆಯ ಮೇಲೆ ಕುಳಿತು, “ಎಲ್ಲಿಗೆ ಹೋಗ್ಲೇ ನಾನು?” ಎಂದಾಗ ಶಿಷ್ಯೆ ಪಕ್ಕದ ಪೆಟ್ಟಿಗೆಯ ಮೇಲೆ ಕುಳಿತಳು. ಮೇಡಂ ತಟ್ಟನೆ ತಲೆಯೆತ್ತಿ, “ಅಜ್ಜಿಯ ಅಂಗಡಿ ಏನಾಯ್ತು?” ಎಂದರು.

“ಖಾಲಿ ಇದೆ ಮೇಡಂ. ಆದ್ರೆ ಅದು ಅಂಗಡಿ. ನಿಮ್ಮಂಥವರನ್ನ ಅಲ್ಲಿ...”

“ಬಚ್ಚಲಿದೆಯಾ? ಬಿಸಿಲು ಬರುತ್ತಾ?”

“ಎರಡೂ ಇದೆ.”

“ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕ್ಸಿದ್ಯಲ್ಲೇ ಮಹರಾಯ್ತಿ! ನನ್ನ ಮಂಡಿ ಸವೀತು!”

ಗೌರವವೂ ಒಮ್ಮೊಮ್ಮೆ ಬುದ್ಧಿಗೆ ಮಂಕು ಬಡಿಸುತ್ತದೆ. ಅಜ್ಜಿಯ ಮಗಳಂತೂ ಫೋನಿನಲ್ಲಿ, “ಮೇಡಂಗಲ್ದೆ ಇನ್ಯಾರಿಗೆ ಕೊಡ್ಲಿ?” ಎಂದುಬಿಟ್ಟರು. ಆ ಮಾತು ಕೇಳಿ ಶಿಷ್ಯೆ ಜೋರಾಗಿ ಅತ್ತಳು, ಮೇಡಂ ಅವಳ ಬೆನ್ನ ಮೇಲೊಂದು ಗುದ್ದಿದರು.

ಈಗ ಮೇಡಂ ಕೆಳಗೆ, ಶಿಷ್ಯೆ ಮೇಲೆ. ಹಳೆಯ ಷರತ್ತು ಹಾಗೆಯೇ ಮುಂದುವರಿದಿದೆ. ಬಟ್ಟೆ ಕತ್ತರಿಸುತ್ತಿದ್ದ ಅದೇ ಉದ್ದನೆಯ ಮೇಜಿನ ಮೇಲೆ, ಮನೆ ಸಿಗದೆ ಅಲೆಯುವ ಒಂಟಿ ಹಿರಿಯ ಹೆಂಗಸರ ಕುರಿತು ಮೇಡಂ ಹೊಸ ಅಧ್ಯಯನ ಆರಂಭಿಸಿದ್ದಾರೆ. ಈ ಲೇಖನ ಮುಗಿಯಬೇಕಾಗಿದ್ದ ಬೆಳಿಗ್ಗೆ ಶಿಷ್ಯೆ ಎಂದಿನಂತೆ ಕೂಗಿದಳು: “ಎದ್ರಾ ಮೇಡಂ?” ಉತ್ತರವಿಲ್ಲ. ಮತ್ತೆ ಕೂಗಿದಳು. ಇಲ್ಲ. ಬರಿಗಾಲಲ್ಲೇ ಮೆಟ್ಟಿಲಿಳಿದು ಓಡಿ ಬಾಗಿಲು ತಳ್ಳಿದಳು. ಬಚ್ಚಲ ಮುಂದೆ ಬ್ರಷ್ಷು ಹಿಡಿದು ನಿಂತಿದ್ದ ಮೇಡಂ ಬಾಯಿತುಂಬ ಇದ್ದ ನೊರೆ ಉಗುಳಿ, “ಹಲ್ಲುಜ್ತಿದ್ದೆ ಕಣೇ! ನೊರೆ ಬಾಯಲ್ಲಿ ಓ ಅನ್ನೋಕಾಗುತ್ತಾ?” ಎಂದು ಗದರಿದರು. ಶಿಷ್ಯೆ ಹೊಸ್ತಿಲ ಮೇಲೆ ಕುಳಿತು ನಕ್ಕಳು.

ಪೂಜ್ಯ ಗುರುಗಳೇ, ನೂರ್ಕಾಲ ಬಾಳಿ, ಹೀಗೆಯೇ ಗದರುತ್ತಾ ಬರೆಯುತ್ತಿರಿ. ಹಲ್ಲು ಮಾತ್ರ ದಯವಿಟ್ಟು ಓಗೊಟ್ಟ ಮೇಲೆ ಉಜ್ಜಿ.