ತುಟಿ ಕೂಡುವ ತಿಂಗಳು

ಯಾರಾದರೂ ಬೇಡ ಎಂದರೆ ಅದನ್ನೇ ಮಾಡುವ ಚಾಳಿ ನನಗೆ ಚಿಕ್ಕಂದಿನಿಂದಲೂ ಇದೆ. ಅರಸೀಕೆರೆಯ ಕ್ಯಾಂಪಿಗೆ ಹೋದದ್ದನ್ನು ಸೇವಾಭಾವ ಎಂದು ಆಮೇಲೆ ಶಾಲೆಯಲ್ಲಿ ಹೊಗಳಿದರು. ನಿಜ ಹೇಳಬೇಕೆಂದರೆ, ಹೋಗಬೇಡ ಎಂದು ನಮ್ಮತ್ತೆ ಹೇಳಿದ್ದಕ್ಕೇ ನಾನು ಹೋದದ್ದು.

ತೊಂಬತ್ತರ ದಶಕದ ಕೊನೆಯ ಕಾಲ. ಬೇಲೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರ್. ಹೊರದೇಶದ ಡಾಕ್ಟರುಗಳ ತಂಡವೊಂದು ಅರಸೀಕೆರೆಗೆ ಬಂದು ಸೀಳುತುಟಿಯ ಮಕ್ಕಳಿಗೆ ಪುಕ್ಕಟೆ ಆಪರೇಷನ್ ಮಾಡಲಿತ್ತು. ಅವರ ಇಂಗ್ಲಿಷನ್ನು ತಾಯಂದಿರಿಗೆ, ತಾಯಂದಿರ ಮಾತನ್ನು ಅವರಿಗೆ ತಿಳಿಸಿ ಹೇಳುವವರು ಬೇಕಾಗಿತ್ತು. ಹೆಡ್‌ಮಾಸ್ಟರು ನನ್ನ ಹೆಸರು ಕೊಟ್ಟರು. ಆಗ ನಾನು ಐದು ತಿಂಗಳ ಬಸುರಿ.

"ಬಸುರಿ ಹೆಂಗಸು ಅಂಥ ಮಕ್ಕಳ ಮುಖ ನೋಡಬಾರದು ಕಣೇ. ಹುಟ್ಟೋದಕ್ಕೂ ಹಾಗೇ ಆಗುತ್ತೆ," ಎಂದರು ಅತ್ತೆ. ವಿಜ್ಞಾನದ ಟೀಚರಿಗೆ ಹೇಳುವ ಮಾತೇ ಇದು ಎಂದು ನಾನು ಮೂಗು ಮುರಿದೆ. ಸೀರೆಯನ್ನು ಸ್ವಲ್ಪ ಸಡಿಲವಾಗಿ ಉಟ್ಟು, ಬಸುರಿನ ವಿಷಯ ಕ್ಯಾಂಪಿನಲ್ಲಿ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿಕೊಂಡು ಬಸ್ಸು ಹತ್ತಿದೆ.

ವಾರ್ಡಿನಲ್ಲಿ ನನ್ನ ಪಾಲಿಗೆ ಬಂದವಳು ಹಗರೆ ಕಡೆಯ ಚಿಕ್ಕ ವಯಸ್ಸಿನ ತಾಯಿ. ಒಂದೂವರೆ ವರ್ಷದ ಮಗನನ್ನು ಸೆರಗಿನೊಳಗೆ ಮುಚ್ಚಿಕೊಂಡು ಕೂತಿದ್ದಳು. ಮಗುವಿನ ಮೇಲ್ತುಟಿ ಮೂಗಿನ ತನಕ ಎರಡಾಗಿತ್ತು. ಪಕ್ಕದಲ್ಲಿ ಎಲೆಯಡಿಕೆ ಜಗಿಯುತ್ತ ಅವಳ ಅತ್ತೆ ಕೂತಿದ್ದರು. ನಾನು ಸೊಸೆಯನ್ನು ಕೇಳಿದ್ದಕ್ಕೆಲ್ಲ ಉತ್ತರ ಅತ್ತೆಯಿಂದಲೇ ಬರುತ್ತಿತ್ತು.

"ಗ್ರಾಣದ ದಿನ ಕುಡ್ಲು ಹಿಡಿದ್ಲು ಕಣವ್ವ ಇವ್ಳು. ಏಳು ತಿಂಗ್ಳ ಬಸ್ರಿ ಆಗ. ಕರ ಅರಚ್ತಾ ಐತೆ ಅಂತ ಹೋಗಿ ಹುಲ್ಲು ಕುಯ್ದ್ಲು. ಹುಲ್ಲಿನ ಜೊತೇಲಿ ಮಗೀನ ತುಟೀನೂ ಕುಯ್ದ್ಲು."

ಅತ್ತೆ ಎಲೆಯಡಿಕೆ ಉಗಿಯಲು ಎದ್ದು ಹೋದದ್ದೇ ತಡ, ಸೊಸೆ ನನ್ನ ಕೈ ಹಿಡಿದಳು. "ಹೌದಾ ಮೇಡಂ? ನನ್ನಿಂದ್ಲೇ ಆಗಿದ್ದಾ? ಬಸ್ರೀರು ಇರೋ ಮನೆಗೆ ನನ್ನ ಕಳ್ಸಲ್ಲ. ಒಡಹುಟ್ಟಿದ ತಂಗಿಗೆ ಬಳೆ ತೊಡಿಸ್ದಾಗ್ಲೂ ಹೋಗ್ನಿಲ್ಲ."

ನನಗೆ ರೇಗಿಹೋಯಿತು. ಅತ್ತೆ ವಾಪಸು ಬರುವ ತನಕ ಕಾದು, ಇಬ್ಬರಿಗೂ ಕೇಳುವಂತೆ ಪಾಠ ಮಾಡಿದೆ. ಹೊಟ್ಟೆಯೊಳಗೆ ತುಟಿ ಕೂಡುವುದು ಎರಡನೇ ತಿಂಗಳಲ್ಲಿ. ಗ್ರಹಣ ಬಂದದ್ದು ಏಳನೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು, ಕುಡುಗೋಲಿಗೂ ತುಟಿಗೂ ಸಂಬಂಧವೇ ಇಲ್ಲ.

"ಎರಡ್ನೇ ತಿಂಗ್ಳಲ್ಲಿ ಒಳೀಕ್ಕೋಗಿ ನೋಡ್ಕೊಂಡು ಬಂದೋರು ಯಾರವ್ವಾ?" ಎಂದರು ಮುದುಕಿ. 

ಆಪರೇಷನ್ ಥಿಯೇಟರಿನ ಬಾಗಿಲಲ್ಲಿ ಮಗು ತಾಯಿಯ ಕೊರಳು ಬಿಡಲಿಲ್ಲ. ತಾಯಿಗೆ ಒಳಗೆ ಪ್ರವೇಶವಿರಲಿಲ್ಲ. "ನೀವಾದ್ರೂ ಒಳೀಕ್ಕೋಗಿ ಮೇಡಂ. ಕನ್ನಡ ಮಾತಾಡೋರು ಒಬ್ರು ಅವ್ನ ಕಣ್ಣಿಗೆ ಕಾಣ್ಲಿ," ಎಂದು ಬೇಡಿಕೊಂಡಳು. ಡಾಕ್ಟರು ಒಪ್ಪಿದರು. ಹಸಿರು ಗೌನು ತೊಟ್ಟು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ಮಗುವಿಗೆ ನಿದ್ದೆ ಹತ್ತುವವರೆಗೆ ಕಾಗೆ ಗುಬ್ಬಿ ಎಂದು ಬಾಯಿಗೆ ಬಂದದ್ದನ್ನು ಮಾತಾಡಿದೆ. ಇನ್ನು ಹೊರಡೋಣವೆಂದು ತಿರುಗಿದರೆ ನರ್ಸು ಬೇಡವೆಂದು ತಲೆಯಾಡಿಸಿದಳು. ಅದೇ ಕೋಣೆಯ ಇನ್ನೊಂದು ಮೇಜಿನ ಮೇಲೂ ಕೆಲಸ ನಡೆದಿತ್ತು, ಪದೇಪದೇ ಬಾಗಿಲು ತೆಗೆಯುವಂತಿರಲಿಲ್ಲ. ಗೋಡೆಗೆ ಒರಗದೆ, ಏನನ್ನೂ ಮುಟ್ಟದೆ, ಕೈ ಎದೆಯ ಹತ್ತಿರ ಕಟ್ಟಿಕೊಂಡು ಮೂಲೆಯಲ್ಲಿ ನಿಲ್ಲಬೇಕು ಎಂದಳು.

ಸೀಳಿದ ತುಟಿಯನ್ನು ಹಾಗೇ ಎಳೆದು ಹೊಲಿಯುತ್ತಾರೆ ಎಂದುಕೊಂಡಿದ್ದೆ. ಹಾಗಲ್ಲ. ಡಾಕ್ಟರು ನೀಲಿ ಶಾಯಿಯಲ್ಲಿ ಚುಕ್ಕಿ ಇಟ್ಟು, ಸೀಳಿನ ಎರಡೂ ಅಂಚನ್ನು ಮೊದಲು ಕತ್ತರಿಸಿದರು. ಕೂಡಿಸುವುದಕ್ಕೆ ಮುಂಚೆ ಕತ್ತರಿಸಬೇಕು ಎಂದು ನನಗೆ ಗೊತ್ತಿರಲಿಲ್ಲ. ಸೀಳು ಇನ್ನೂ ದೊಡ್ಡದಾಗಿ ಬಾಯಿ ತೆರೆದುಕೊಂಡಿತು. ನನ್ನ ಹೊಟ್ಟೆಯೊಳಗಿನದು ಆಗಲೇ ಒಮ್ಮೆ ಮಿಸುಕಿತು.

ಹೆದರಿದೆ. ಕೈ ತಾನಾಗಿ ಹೊಟ್ಟೆಯ ಕಡೆ ಇಳಿಯಿತು, ನರ್ಸು ಕಣ್ಣಲ್ಲೇ ಗದರಿದಳು, ಮತ್ತೆ ಎದೆಗೆ ಕಟ್ಟಿಕೊಂಡೆ. ಬಸುರಿ ಎಂದು ಒಂದು ಮಾತು ಹೇಳಿದ್ದರೆ ಬಾಗಿಲು ತೆಗೆದು ಕಳಿಸುತ್ತಿದ್ದರು. ಆದರೆ ಆ ಮಾತು ಹೇಳಿ ಹೊರಗೆ ಬಂದರೆ, ನಮ್ಮತ್ತೆ ಹೇಳಿದ್ದನ್ನೂ ಆ ಮುದುಕಿ ಹೇಳಿದ್ದನ್ನೂ ನಾನೇ ಒಪ್ಪಿಕೊಂಡ ಹಾಗಾಗುತ್ತಿತ್ತು. ಕಣ್ಣು ಮುಚ್ಚಿದೆ. ಮುಚ್ಚಿದರೂ ಒಪ್ಪಿಕೊಂಡಂತೆಯೇ ಎನ್ನಿಸಿ ತೆರೆದೆ. ಐದನೇ ತಿಂಗಳಲ್ಲಿ ಏನೂ ಆಗುವಂತಿಲ್ಲ, ತುಟಿ ಕೂಡಿ ಎಷ್ಟೋ ಕಾಲವಾಯಿತು ಎಂದು ವಾರ್ಡಿನ ಪಾಠವನ್ನೇ ನನಗೂ ಹೇಳಿಕೊಂಡೆ. ಅದು ಗಂಟಲಿನಿಂದ ಕೆಳಗಿಳಿಯಲಿಲ್ಲ. ಕೊನೆಯ ಹೊಲಿಗೆ ಬೀಳುವ ತನಕ ಎಲ್ಲವನ್ನೂ ನೋಡಿದೆ.

ಹೊರಗೆ ಬಂದವಳೇ ಬಚ್ಚಲಿಗೆ ಓಡಿ ವಾಂತಿ ಮಾಡಿಕೊಂಡೆ. ಆಯಾ ನೀರು ಕೊಟ್ಟು, ಬೆನ್ನು ನೀವುತ್ತ ಎಲ್ಲರ ಎದುರಿಗೇ ಕೇಳಿದಳು, "ಎಷ್ಟು ತಿಂಗ್ಳವ್ವ?"

ಸೊಸೆಯ ಮುಖ ಬೂದಿಯಾಯಿತು. "ಬಸ್ರೀನಾ ನೀವು? ಅಷ್ಟೊತ್ತೂ ಅಲ್ಲೇ ನಿಂತು ನೋಡಿದ್ರಾ? ಕಳ್ಸಿದ್ದು ನಾನೇ ಅಲ್ವಾ..."

"ಇನ್ನೊಬ್ರ ಮನೇಗೂ ಹಚ್ಚಿದ್ಯಲ್ಲೇ," ಎಂದರು ಅವಳ ಅತ್ತೆ, ತಣ್ಣಗೆ.

ಸ್ವಲ್ಪ ಹೊತ್ತಿಗೆ ಮಗುವನ್ನು ತಂದು ಸೊಸೆಯ ಮಡಿಲಿಗೆ ಕೊಟ್ಟರು. ತುಟಿ ಒಂದಾಗಿತ್ತು. ಅವಳು ಅದನ್ನು ನೋಡಲಿಲ್ಲ, ನನ್ನ ಹೊಟ್ಟೆ ನೋಡುತ್ತಿದ್ದಳು. ಏನೂ ಆಗಲ್ಲಮ್ಮ ಎಂದೆ. ನನ್ನ ದನಿ ನನಗೇ ನಂಬುವಂತಿರಲಿಲ್ಲ. ಹೊರಡುವಾಗ ನನ್ನ ತವರುಮನೆ ಎಲ್ಲಿ ಎಂದು ಕೇಳಿದಳು. ಹಳೇಬೀಡು ಎಂದರೆ, ಯಾವ ಬೀದಿ ಎಂದೂ ಕೇಳಿ ತಿಳಿದುಕೊಂಡಳು.

ಆಮೇಲಿನ ತಿಂಗಳುಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಅತ್ತೆಗೆ ಹೇಳುವಂತಿಲ್ಲ, ಗಂಡನಿಗೆ ಹೇಳಿದರೆ ನಗುತ್ತಾರೆ. ಸ್ಕ್ಯಾನಿನಲ್ಲಿ ತುಟಿ ಕಾಣುತ್ತದಾ ಎಂದು ಡಾಕ್ಟರನ್ನು ಕೇಳಲು ಬಾಯಿ ಬರಲಿಲ್ಲ. ಕ್ಲಾಸಿನಲ್ಲಿ ಮಕ್ಕಳೆದುರು ಅದೇ ಜೋರು, ಮನೆಗೆ ಬಂದರೆ ಕನ್ನಡಿಯಲ್ಲಿ ನನ್ನ ತುಟಿಯನ್ನೇ ನೋಡಿಕೊಳ್ಳುತ್ತಿದ್ದೆ. ಹೆರಿಗೆಯಾದಾಗ ಗಂಡೋ ಹೆಣ್ಣೋ ಎಂದು ನಾನು ಕೇಳಲಿಲ್ಲ, ತುಟಿ ಹೇಗಿದೆ ಎಂದೆ. "ನಿಮ್ಮ ಥರಾನೇ ಇದೆ ಕಣ್ರೀ, ಹೆಣ್ಣು," ಎಂದು ನರ್ಸು ನಕ್ಕಳು. ನಾನು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಬಾಣಂತನಕ್ಕೆ ಹಳೇಬೀಡಿಗೆ ಬಂದಿದ್ದಾಗ ಒಂದು ಮಧ್ಯಾಹ್ನ ಆ ಹಗರೆ ಕಡೆಯ ತಾಯಿ ಬಂದಳು, ಒಬ್ಬಳೇ. ಮಗ ಎಲ್ಲಿ ಎಂದರೆ, ಬೀದಿಯಲ್ಲಿ ಅತ್ತೆಯ ಸೊಂಟದ ಮೇಲಿದ್ದಾನೆ ಎಂದಳು. ಅಮ್ಮ ಕೊಟ್ಟ ನೀರನ್ನೂ ಮುಟ್ಟಲಿಲ್ಲ. ತೊಟ್ಟಿಲ ಹತ್ತಿರ ಕೂತು, ಕುಲಾವಿಯನ್ನು ಸರಿಸಿ, ನನ್ನ ಮಗಳ ಮೇಲ್ತುಟಿಯ ಮೇಲೆ ಈ ತುದಿಯಿಂದ ಆ ತುದಿಗೆ ಬೆರಳಾಡಿಸಿದಳು. ಆಮೇಲೆ ಇನ್ನೊಮ್ಮೆ ಆಡಿಸಿದಳು.

"ಹಂಗಾರೆ ಅದೂ ನನ್ನಿಂದ ಆಗಿದ್ದಲ್ಲ," ಎಂದಳು.

ಹಾಗೆ ಲೆಕ್ಕ ಹಾಕುವುದು ವಿಜ್ಞಾನವಲ್ಲ. ಗೊತ್ತಿದ್ದೂ ನಾನು ತುಟಿಪಿಟಕ್ಕೆನ್ನಲಿಲ್ಲ.

ಅವಳು ಎದ್ದು ಸೆರಗು ಸರಿಮಾಡಿಕೊಂಡಳು. "ಮೇಡಂ, ನಮ್ಮತ್ತೇನ ಒಳೀಕ್ಕೆ ಕರೀಲಾ? ಅವ್ರೂ ಕಣ್ಣಾರೆ ನೋಡ್ಲಿ."

"ಕರೆಯಮ್ಮ," ಎಂದು ಕುಲಾವಿಯನ್ನು ಪೂರ್ತಿ ಬಿಚ್ಚಿ, ಮಗಳನ್ನು ಬೆಳಕಿಗೆ ಎತ್ತಿಕೊಂಡೆ.