ಗದ್ದೆಮ್ಮನ ಪಿಸ್ತೂಲಿನ ಹಿಡಿ

ಹತ್ತು ಗುಂಡುಗಳಲ್ಲಿ ಎರಡು ಮಾತ್ರ ಹಲಗೆಯ ಕಪ್ಪು ವೃತ್ತದೊಳಗೆ ಬಿದ್ದಿದ್ದವು. ಉಳಿದ ಎಂಟೂ ಎಡಕ್ಕೆ ಸರಿದು, ಒಂದರ ಪಕ್ಕ ಒಂದು ತೂತು ಮಾಡಿದ್ದವು. ಗದ್ದೆಮ್ಮನ ಹಲಗೆ ಹಿಂದಿನ ವರ್ಷವೂ ಹೀಗೇ ಇತ್ತು.

ಅವಳು ರಾಯಚೂರಿನ ದೋಆಬ ಕಾವಲು ಪಡೆಯಲ್ಲಿ ಒಂಬತ್ತು ವರ್ಷದಿಂದ ಇದ್ದಳು. ಕಾಲುವೆಯ ದೊಡ್ಡ ಗೇಟು, ಗೋದಾಮು, ಖಜಾನೆ ಇಂಥವನ್ನು ಕಾಯುವ ಪಡೆ ಅದು. ವರ್ಷಕ್ಕೊಮ್ಮೆ ಎಲ್ಲರನ್ನೂ, ಎರಡು ವರ್ಷದಿಂದ ಹೆಂಗಸರನ್ನೂ, ಮಟಮಾರಿ ದಾರಿಯ ಕಲ್ಲುಗುಡ್ಡದ ಹಿಂದೆ ಕರೆದೊಯ್ದು ಪಿಸ್ತೂಲಿನ ಪರೀಕ್ಷೆ ಮಾಡುತ್ತಿದ್ದರು. ಹತ್ತಕ್ಕೆ ಆರು ಬಿದ್ದರೆ ಪಾಸು. ಆ ಫೆಬ್ರವರಿಯಲ್ಲಿ ಒಂಬತ್ತು ಹೆಂಗಸರಲ್ಲಿ ಆರು ಮಂದಿ ಫೇಲಾದರು. ಗಂಡಸರು ಎಪ್ಪತ್ತರಲ್ಲಿ ನಾಲ್ವರು.

ತರಬೇತಿ ಕೊಡುವ ಜಮಾದಾರ ಪರಮಣ್ಣ ಆರು ಹಲಗೆಗಳನ್ನೂ ನೋಡಿಕೊಂಡು ಬಂದ.

"ರೊಟ್ಟಿ ಬಡಿಯೋ ಕೈಗೆ ಪಿಸ್ತೂಲ್ ಕೊಟ್ರ ಇಷ್ಟ ಆಗೋದು," ಎಂದ. "ಹೋಗ್ರಿ, ಮೈದಾನ ಐದು ಸುತ್ತು ಓಡ್ರಿ."

ಗದ್ದೆಮ್ಮ ಓಡಿದಳು. ಓಟದಲ್ಲಿ ಅವಳನ್ನು ಹಿಂದೆ ಹಾಕುವವರು ಪಡೆಯಲ್ಲಿ ಯಾರೂ ಇರಲಿಲ್ಲ. ದೇವದುರ್ಗದ ಕೂಲಿ ಮಾಡುವ ಮನೆಯಲ್ಲಿ ಹುಟ್ಟಿ, ಹತ್ತನೇ ವಯಸ್ಸಿಗೇ ಹತ್ತಿ ಬಿಡಿಸಲು ಹೋದವಳು. ಪಿಯುಸಿ ಮುಗಿಸಿ ಈ ಕೆಲಸ ಹಿಡಿದಳು. ಕೆಲಸ ಬಿಡು ಎಂದ ಗಂಡನ ಮನೆಯನ್ನು ಎರಡೇ ವರ್ಷಕ್ಕೆ ಬಿಟ್ಟು ಬಂದಳು. ಅವಳ ಸಿಟ್ಟು ಕೂಗಾಡುವ ಸಿಟ್ಟಲ್ಲ. ಬಾಯಿ ಮುಚ್ಚಿ ದವಡೆ ಬಿಗಿಯುವ ಸಿಟ್ಟು. ರೊಟ್ಟಿಯ ಮಾತನ್ನು ಅವಳು ಹಾಗೇ ನುಂಗಿಕೊಂಡಳು.

ನುಂಗಲಾಗದ್ದು ಒಂದು ವಾರದ ನಂತರ ಬಂತು. ರಜೆಯ ಚೀಟಿ ಕೊಡಲು ಕಚೇರಿಗೆ ಹೋದಾಗ ಗುಮಾಸ್ತನ ಮೇಜಿನ ಮೇಲೆ ಅವಳ ಸೇವಾ ಪುಸ್ತಕ ತೆರೆದಿತ್ತು. ಪರೀಕ್ಷೆಯ ಅಂಕದ ಮುಂದೆ ಪರಮಣ್ಣ ಬರೆದಿದ್ದ: "ಆಸಕ್ತಿಯ ಕೊರತೆ." ಪಕ್ಕದಲ್ಲೇ ಪೇರಿಸಿದ್ದ ಉಳಿದ ಐವರ ಪುಸ್ತಕದಲ್ಲೂ ಅದೇ ಎರಡು ಶಬ್ದ. ಮೂರನೇ ವರ್ಷವೂ ತಪ್ಪಿದರೆ ಆಯುಧದ ಕೆಲಸದಿಂದ ತೆಗೆದು ಅಡುಗೆಮನೆಗೆ ಹಾಕುವುದು ಪಡೆಯ ನಿಯಮ.

ಅವಳು ಆಸಕ್ತಿ ಇಲ್ಲದವಳೇ? ಎರಡು ವರ್ಷದಿಂದ ದಿನಾ ಬೆಳಿಗ್ಗೆ ನೀರು ತುಂಬಿದ ತಂಬಿಗೆ ಹಿಡಿದು, ಕೈ ಚಾಚಿ ನಿಂತು ತೋಳು ಗಟ್ಟಿ ಮಾಡಿಕೊಂಡವಳು ಅವಳು. ಪಿಸ್ತೂಲಿನ ಹಿಡಿ ದಪ್ಪ ಇತ್ತು. ಅಂಗೈಯಲ್ಲಿ ಸರಿಯಾಗಿ ಕೂತರೆ ತೋರುಬೆರಳು ಗುಂಡು ಹಾರಿಸುವ ಕುದುರೆಗೆ ಮುಟ್ಟುತ್ತಿರಲಿಲ್ಲ. ಬೆರಳು ಮುಟ್ಟಿಸಲು ಕೈ ತಿರುಗಿಸಿದರೆ ಗುಂಡು ಎಡಕ್ಕೆ ಹೋಗುತ್ತಿತ್ತು. ಬೇಸಿಗೆಯ ಬೆವರಿಗೆ ಹಿಡಿ ಜಾರುತ್ತಲೂ ಇತ್ತು. ಇದನ್ನೆಲ್ಲ ಪರಮಣ್ಣನಿಗೆ ಹೇಳಿದಾಗ, "ಪಿಸ್ತೂಲ್ ಎಲ್ಲಾರಿಗೂ ಒಂದs," ಎಂದುಬಿಟ್ಟಿದ್ದ.

ಏಪ್ರಿಲ್‌ನಲ್ಲಿ ತಂಗಿ ರಾಧಾಳ ಕುಬಸಕ್ಕೆ ಮಾನ್ವಿಗೆ ಹೋದಳು. ಬಸುರಿಗೆ ಬಳೆ ತೊಡಿಸಲು ಖಾಸಿಂ ಬೀ ಬಂದಿದ್ದಳು. ನೀರಮಾನ್ವಿ, ಪೋತ್ನಾಳದ ತನಕ ಮನೆಮನೆಗೆ ಬಳೆ ಹೊತ್ತು ತಿರುಗಿದ ಮುದುಕಿ. ಅವಳ ಅತ್ತೆಯ ಕಾಲದಲ್ಲಿ ಮನೆಯಲ್ಲೇ ಅರಗಿನ ಬಳೆ ಮಾಡುತ್ತಿದ್ದರಂತೆ. ರಾಧಾಳ ಕೈಯನ್ನು ಗೆಣ್ಣಿನ ಹತ್ತಿರ ಒಂದು ಸಲ ಅಮುಕಿ, "ಎರಡು ನಾಲ್ಕು" ಎಂದು ಅಳತೆ ಹೇಳಿದಳು. ಆಮೇಲೆ ಗದ್ದೆಮ್ಮನ ಕೈ ಎಳೆದುಕೊಂಡಳು.

"ನಿನಗ ಎರಡು ಎರಡು ಸಾಕು. ಅಂಗೈ ಗಿಡ್ಡ, ಬಟ್ಟು ಗಿಡ್ಡ. ಆದ್ರ ಕಸುವು ಅದ. ಹತ್ತಿ ಬಿಡಿಸಿದ ಕೈ ಏನು?"

"ಹೌದು. ಎಷ್ಟು ಅಳತಿ ಅದಾವ ಯವ್ವಾ ನಿನ್ನ ಹತ್ರ?"

"ಕೂಸುಗಳ್ದು ಬಿಟ್ಟು ಐದು. ಒಂದs ಅಳತಿ ಹಿಡ್ಕೊಂಡು ತಿರುಗಿದ್ರ ಬಳಿ ಒಡೀತಾವ, ಕೈ ಹರೀತಾವ. ಆವಾಗ ಕೈಗೆ ಬೈದ್ರ ಏನು ಬಂತು ಬೇಟಿ? ಬೈಸ್ಕೋಬೇಕಾದಾಕಿ ಬಳಿಗಾರ್ತಿ."

ಗದ್ದೆಮ್ಮ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅಲ್ಲೇ ಕೂತು, ಕುಬಸಕ್ಕೆ ಬಂದ ಹೆಂಗಸರ ನಡುವೆಯೇ, ಪಿಸ್ತೂಲಿನ ವಿಷಯವನ್ನೆಲ್ಲ ಹೇಳಿದಳು. ಖಾಸಿಂ ಬೀ ಕೇಳಿಸಿಕೊಂಡು, "ಆ ಹಿಡಿ ತಂದು ತೋರ್ಸು," ಎಂದಳು.

ಪಿಸ್ತೂಲು ತರುವಂತಿರಲಿಲ್ಲ. ಆದರೆ ಅದರ ಹಿಡಿಗೆ ಎರಡು ಪಕ್ಕದಲ್ಲಿ ಎರಡು ಚಕ್ಕೆಗಳಿರುತ್ತವೆ, ಒಂದೊಂದು ಸ್ಕ್ರೂ ಬಿಚ್ಚಿದರೆ ಬಂದುಬಿಡುತ್ತವೆ. ಆಯುಧದ ಕೋಣೆ ನೋಡಿಕೊಳ್ಳುವ ಯಲ್ಲಾಲಿಂಗನ ಹತ್ತಿರ ಒಡೆದ ಹಳೆಯ ಚಕ್ಕೆಗಳ ಡಬ್ಬಿಯೇ ಇತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಅವನು ಮೊದಲು ಹಿಂದೆ ಮುಂದೆ ನೋಡಿದ. ಆಮೇಲೆ ಒಂದು ಜೊತೆ ಕೊಟ್ಟ.

"ಕಸಕ್ಕ ಹೋಗೋ ಸಾಮಾನು. ಒಯ್ಯಿ," ಎಂದ. "ನಾ ಕೊಟ್ಟೆ ಅಂತ ಎಲ್ಲೂ ಅನಬ್ಯಾಡ."

ಮಾನ್ವಿಯಲ್ಲಿ ಖಾಸಿಂ ಬೀ ಅದನ್ನು ತಿರುವಿ ನೋಡಿದಳು. ಗದ್ದೆಮ್ಮ ಮೊದಲೇ ಅದರ ಒಳಮೈ ಅಳತೆಯ ಹೊಸ ತೆಳ್ಳನೆಯ ತಳವನ್ನು ಪ್ಲೈವುಡ್ಡಿನಲ್ಲಿ ಕೊಯ್ದು ತಂದಿದ್ದಳು. ಮುದುಕಿ ಅರಗು ಕಾಯಿಸಿ ಆ ತಳದ ಮೇಲೆ ಮೆತ್ತಿದಳು. ಬಿಸಿ ತಡೆಯುವಷ್ಟಾದ ಮೇಲೆ ಗದ್ದೆಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದಳು. ಹೆಬ್ಬೆರಳ ಬುಡದಲ್ಲಿ ಒಂದು ಗುಳಿ ಬಿತ್ತು, ಕಿರುಬೆರಳ ಕೆಳಗೆ ಒಂದು ದಿಂಡು ಎದ್ದಿತು. ಹೆಚ್ಚಾದ ಅರಗನ್ನು ಕೆರೆದು ಕೆರೆದು, ಹಳೆಯದಕ್ಕಿಂತ ಒಂದು ಹುಣಸೆಬೀಜದಷ್ಟು ತೆಳ್ಳಗೆ ಮಾಡಿದರು.

ಮೇ ತಿಂಗಳಲ್ಲಿ, ಆಯುಧಗಳನ್ನು ಒರೆಸುವ ದಿನ, ಯಲ್ಲಾಲಿಂಗ ಅದನ್ನು ಗುಂಡಿಲ್ಲದ ಪಿಸ್ತೂಲಿಗೆ ಹಾಕಿ ಕೊಟ್ಟ. ಬೆರಳು ಸಲೀಸಾಗಿ ಕುದುರೆಗೆ ತಲುಪಿತು. ಆದರೆ ಅಂಗಳದ ಬಿಸಿಲಿಗೆ ತಂದ ಕೂಡಲೇ ಅರಗು ಮೆತ್ತಗಾಗಿ ಅಂಗೈಗೆ ಅಂಟಿಕೊಂಡಿತು. ರಾಯಚೂರಿನ ಮೇ ತಿಂಗಳಲ್ಲಿ ಅರಗು ನಿಲ್ಲುವುದಿಲ್ಲವೆಂಬುದು ತನಗೆ ಹೊಳೆಯಬೇಕಿತ್ತು ಎಂದು ಗದ್ದೆಮ್ಮ ತನ್ನ ಮೇಲೆಯೇ ಸಿಟ್ಟಾದಳು. ಸೀಮೆಎಣ್ಣೆಯಿಂದ ಪಿಸ್ತೂಲು ಒರೆಸುವುದರಲ್ಲಿ ಇಬ್ಬರ ಮಧ್ಯಾಹ್ನವೂ ಹೋಯಿತು.

ದೇವದುರ್ಗದಲ್ಲಿ ಅವಳ ಅಪ್ಪ ಆದೆಪ್ಪನಿದ್ದ. ಕುಡಗೋಲು, ಕೊಡಲಿಗೆ ಕಟ್ಟಿಗೆಯ ಹಿಡಿ ಕೆತ್ತಿ ಕಾವು ಹಾಕುವುದರಲ್ಲಿ ಅವನ ಕೈ ಪಳಗಿತ್ತು. ಕೂಲಿಗೆ ಹೋಗುವ ಹೆಂಗಸರು ತಮ್ಮ ಕುಡಗೋಲು ತಂದು ಅವನ ಮುಂದೆ ಇಡುತ್ತಿದ್ದರು. ಮಗಳು ಮತ್ತೆ ಮುಷ್ಟಿಯಲ್ಲಿ ಒತ್ತಿ ತಣಿಸಿದ್ದ ಅರಗಿನ ಅಚ್ಚನ್ನು ಕೊಟ್ಟಾಗ ಅವನು ಏನೂ ಕೇಳದೆ ಅದನ್ನು ತನ್ನ ಅಂಗೈಯಲ್ಲಿಟ್ಟು ನೋಡಿದ.

"ಜಾಲಿ ಕಟಗಿ ಆಗಬೇಕು. ಬೆವರಿಗಿ ಜಾರಂಗಿಲ್ಲ," ಎಂದ. "ಅಡ್ಡ ಗೀರು ಹಾಕ್ತೀನಿ. ಏನು ಕೊಯ್ಯಾಕ ಇದು?"

"ಕೊಯ್ಯಾಕ ಅಲ್ಲ ಯಪ್ಪಾ. ಪಿಸ್ತೂಲಿಗಿ."

ಆದೆಪ್ಪ ತಲೆಯೆತ್ತಿ ಮಗಳ ಮುಖ ನೋಡಿದ. "ಸರ್ಕಾರದವ್ರು ಕೈ ನೋಡಿ ಕೊಡಂಗಿಲ್ಲೇನು?"

ಗದ್ದೆಮ್ಮ ಎದ್ದು ಜಾಲಿ ಕಟ್ಟಿಗೆ ಹುಡುಕಿ ತಂದಳು. ನಾಲ್ಕು ಜೊತೆ ಕೆಟ್ಟು, ಐದನೆಯದು ಸರಿಯಾಯಿತು.

ಜುಲೈನಲ್ಲಿ ಅವಳು ಚಕ್ಕೆಗಳನ್ನು ಯಲ್ಲಾಲಿಂಗನ ಹತ್ತಿರ ಇಡಲು ಕೊಟ್ಟು, ಕಮಾಂಡೆಂಟರಿಗೆ ಅರ್ಜಿ ಬರೆದಳು. ಪರೀಕ್ಷಾರ್ಥವಾಗಿ ಈ ಚಕ್ಕೆಗಳನ್ನು ಬಳಸಲು ಅನುಮತಿ ಬೇಕೆಂದು ಕೇಳಿದಳು. ಉತ್ತರ ಬರಲಿಲ್ಲ. ಎರಡನೇ ಅರ್ಜಿ, ಮೂರನೇ ಅರ್ಜಿ. ಗುಮಾಸ್ತ ಪ್ರತಿ ಸಲವೂ "ಮ್ಯಾಲೆ ಇಟ್ಟೀವ್ರಿ" ಎಂದ. ಫೆಬ್ರವರಿ ಬಂದೇ ಬಂತು.

ಮೈದಾನದಲ್ಲಿ ಅವಳ ಸರದಿ ಬಂದಾಗ ಯಲ್ಲಾಲಿಂಗ ಪಿಸ್ತೂಲು ಕೊಟ್ಟ. ಕೈಗೆ ಬಂದ ಕೂಡಲೇ ಗದ್ದೆಮ್ಮನಿಗೆ ಗೊತ್ತಾಯಿತು: ಜಾಲಿಯ ಚಕ್ಕೆ. ಅವಳು ಕೇಳಿರಲಿಲ್ಲ, ಅವನೇ ಹಾಕಿದ್ದ. ಅವನ ಮುಖ ನೋಡಿದಳು, ಅವನು ಬೇರೆ ಕಡೆ ನೋಡುತ್ತಿದ್ದ.

ಹತ್ತಕ್ಕೆ ಎಂಟು ಬಿದ್ದವು.

ಪರಮಣ್ಣ ಹಲಗೆ ನೋಡಿ, ಹಿಂದಿರುಗಿ ಬಂದು, ಪಿಸ್ತೂಲು ಕಸಿದುಕೊಂಡು ನೋಡಿದ. "ಯಾರನ್ನ ಕೇಳಿ ಇದನ್ನ ಹಚ್ಚೀರಿ?"

"ಮೂರು ಸಲ ಬರದು ಕೇಳೀನ್ರಿ."

"ಕೊಟ್ಟಾರೇನು?"

"ಇಲ್ಲ ಅಂತನೂ ಅಂದಿಲ್ರಿ."

ಅವಳ ಎಂಟು ಗುಂಡುಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಮರುದಿನ ಇಬ್ಬರಿಗೂ ಮೆಮೊ ಬಂತು: ಸರ್ಕಾರಿ ಆಯುಧವನ್ನು ವಿರೂಪಗೊಳಿಸಿದ್ದೇಕೆ, ವಾರದೊಳಗೆ ಉತ್ತರಿಸಿ. ತನ್ನ ಮೆಮೊಗಿಂತ ಯಲ್ಲಾಲಿಂಗನ ಮೆಮೊ ಅವಳನ್ನು ಹೆಚ್ಚು ಸುಟ್ಟಿತು. ಪಿಂಚಣಿಯ ಹೊಸ್ತಿಲಲ್ಲಿದ್ದ ಮನುಷ್ಯ. ತಪ್ಪೆಲ್ಲ ತನ್ನದೇ ಎಂದು ಬರೆಯುತ್ತೇನೆ ಎಂದು ಅವನ ಹತ್ತಿರ ಹೋದಳು.

"ಸ್ಕ್ರೂ ಬಿಗಿದಾಂವ ನಾನು," ಎಂದ ಯಲ್ಲಾಲಿಂಗ. "ನೀ ಸುಳ್ಳು ಬರೀಬ್ಯಾಡ. ಮೂವತ್ತು ವರ್ಷ ಹತಾರ ಎಣ್ಣಿ ಹಚ್ಚಿ ಒರಸೀನಿ. ವಿರೂಪ ಅಂದ್ರ ಏನು ಅಂತ ನನಗ ಕಲಸಾಕ ಬಂದಾರ."

ಗದ್ದೆಮ್ಮ ಉತ್ತರ ಬರೆದಳು. "ಪಿಸ್ತೂಲಿನ ಯಾವ ಭಾಗವನ್ನೂ ಕೊರೆದಿಲ್ಲ, ಕೆತ್ತಿಲ್ಲ. ಹಳೆಯ ಚಕ್ಕೆಗಳು ಹಾಗೇ ಇವೆ, ಐದು ನಿಮಿಷದಲ್ಲಿ ಮರಳಿ ಹಾಕಬಹುದು. ನಮ್ಮ ಕೈಗೆ ಹೊಂದದ ಆಯುಧ ಕೊಟ್ಟು, ನಮ್ಮಲ್ಲಿ ಆಸಕ್ತಿಯಿಲ್ಲವೆಂದು ಬರೆದವರಿಂದಲೂ ವಿವರಣೆ ಕೇಳಬೇಕಾಗಿ ವಿನಂತಿ." ಕೆಳಗೆ ಒಂಬತ್ತು ಹೆಂಗಸರ ಹೆಸರು, ಸಹಿ, ಪ್ರತಿಯೊಬ್ಬರ ಬಳೆಯ ಅಳತೆ. ಖಾಸಿಂ ಬೀ ಅದಕ್ಕಾಗಿಯೇ ಬಸ್ಸು ಹತ್ತಿ ರಾಯಚೂರಿಗೆ ಬಂದು, ವಸತಿಗೃಹದ ಕಟ್ಟೆಯ ಮೇಲೆ ಕೂತು ಒಬ್ಬೊಬ್ಬರ ಕೈ ಅಮುಕಿದ್ದಳು. ಪಾಸಾದ ಮೂವರ ಕೈ ದೊಡ್ಡವು, ತಪ್ಪಿದ ಆರೂ ಮಂದಿಯ ಕೈ ಸಣ್ಣವು.

ಅದೇ ವಾರ ಅವಳು ದೇವದುರ್ಗಕ್ಕೆ ಹೋಗಿ ಅಪ್ಪನಿಂದ ಇನ್ನೊಂದು ಜೊತೆ ಮಾಡಿಸಿಕೊಂಡು ಬಂದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ವಿಚಾರಣೆಗೆ ಕಮಾಂಡೆಂಟರೇ ಮೈದಾನಕ್ಕೆ ಬಂದರು. ಬಳೆಯ ಅಳತೆಗಳನ್ನು ಓದಿ ಅವರಿಗೆ ನಗು ಬಂದಿತ್ತು. "ಇದು ಪುರಾವೆ ಆಗ್ತದೇನಮ್ಮಾ?" ಎಂದರು.

ಗದ್ದೆಮ್ಮ ಚೀಲದಿಂದ ಹೊಸ ಚಕ್ಕೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ದಪ್ಪನೆಯವು, ಒಂದೊಂದೂ ಹಳೆಯದಕ್ಕಿಂತ ಅರ್ಧ ಬೆರಳಿನಷ್ಟು ಹೆಚ್ಚು.

"ಜಮಾದಾರ್ ಸಾಹೇಬ್ರ ಕೈ ನನ್ನ ಕೈಗಿಂತ ಎಷ್ಟು ದೊಡ್ಡದೋ, ಈ ಹಿಡಿ ಅಷ್ಟs ದೊಡ್ಡದು ಮಾಡೀವ್ರಿ. ಹಳೇ ಹಿಡಿ ನನಗ ಹೆಂಗೋ ಹಂಗ ಇದು ಅವ್ರಿಗಿ. ಹತ್ತು ಗುಂಡು ಹೊಡದು ತೋರಿಸ್ಲಿ."

ಪರಮಣ್ಣ ಆಗುವುದಿಲ್ಲ ಎನ್ನಲಿದ್ದ. ಕಮಾಂಡೆಂಟರು ಯಲ್ಲಾಲಿಂಗನಿಗೆ ಕಣ್ಣಲ್ಲೇ ಸನ್ನೆ ಮಾಡಿದರು. ಅವನು ಸ್ಕ್ರೂ ಬಿಗಿದು ಕೊಟ್ಟ. ಜಿಲ್ಲೆಯ ಸ್ಪರ್ಧೆಗಳಲ್ಲಿ ಬಹುಮಾನ ಗೆದ್ದಿದ್ದ ಪರಮಣ್ಣ ಪಿಸ್ತೂಲು ಎತ್ತಿ, ಇಳಿಸಿ, ಹಿಡಿತ ಬದಲಿಸಿ, ಮತ್ತೆ ಎತ್ತಿದ. ತೋರುಬೆರಳ ತುದಿ ಮಾತ್ರ ಕುದುರೆಗೆ ತಾಗುತ್ತಿತ್ತು. ಹತ್ತು ಗುಂಡು ಮುಗಿಯುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ವೃತ್ತದೊಳಗೆ ಮೂರು. ಉಳಿದವು ಎಡಕ್ಕೆ.

"ಇದು ಹಿಡಿಯಾಕ ಬರಂಗಿಲ್ರಿ ಸಾರ್," ಎಂದ.

"ಆಸಕ್ತಿಯ ಕೊರತೆ ಅಂತ ಬರೀಲೇನ್ರಿ?" ಗದ್ದೆಮ್ಮ ಕೇಳಿದಳು. ಧ್ವನಿ ಏರಿರಲಿಲ್ಲ.

ಕಮಾಂಡೆಂಟರು ಆ ದಿನವೇ ಒಂಬತ್ತೂ ಹೆಂಗಸರಿಗೆ ಹಳೆಯ ಹಿಡಿ, ಜಾಲಿಯ ತೆಳ್ಳನೆಯ ಹಿಡಿ ಎರಡನ್ನೂ ಕೊಟ್ಟು ಹೊಡೆಸಿದರು. ಫೇಲಾಗಿದ್ದ ಆರು ಮಂದಿಯಲ್ಲಿ ಐವರು ಜಾಲಿಯ ಹಿಡಿಯಲ್ಲಿ ಪಾಸಾದರು. ಇಬ್ಬರ ಮೆಮೊ ಎಚ್ಚರಿಕೆಯೊಂದಿಗೆ ಮುಗಿಯಿತು. ಯಾವುದಕ್ಕೆ ಎಚ್ಚರಿಕೆ ಎಂದು ಅದರಲ್ಲಿ ಬರೆದಿರಲಿಲ್ಲ. ಯಲ್ಲಾಲಿಂಗನ ಪಿಂಚಣಿಗೆ ತೊಂದರೆಯಾಗಲಿಲ್ಲ. ಸೇವಾ ಪುಸ್ತಕದ ಎರಡು ಶಬ್ದ ಮಾತ್ರ ಉಳಿದವು, ಬರೆದದ್ದನ್ನು ಅಳಿಸುವ ನಿಯಮವಿಲ್ಲವಂತೆ. ಜಾಲಿಯ ಚಕ್ಕೆಗಳನ್ನು ಅಭ್ಯಾಸಕ್ಕೂ ಪರೀಕ್ಷೆಗೂ ಬಳಸಬಹುದು, ಕಾವಲಿನ ಹೊತ್ತಿನಲ್ಲಿ ಬಳಸಬಾರದು ಎಂದು ಆದೇಶವಾಯಿತು. ಗದ್ದೆಮ್ಮ ಅದನ್ನು ಎರಡು ಸಲ ಓದಿದಳು. ಹಲಗೆಗೆ ಹೊಡೆಯಲು ಸರಿಯಾದ ಹಿಡಿ, ಪ್ರಾಣಕ್ಕೆ ಬಂದಾಗ ತಪ್ಪು ಹಿಡಿ. ಅಂದೇ ಮತ್ತೊಂದು ಅರ್ಜಿ ಬರೆದಳು.

ಅದಕ್ಕೆ ಇನ್ನೂ ಉತ್ತರ ಬಂದಿಲ್ಲ. ಪರಮಣ್ಣ ಈಗ ರೊಟ್ಟಿಯ ಮಾತು ಆಡುವುದಿಲ್ಲ, ಗದ್ದೆಮ್ಮನೊಂದಿಗೆ ಬೇರೆ ಮಾತೂ ಆಡುವುದಿಲ್ಲ. ಹೊಸಬರಿಗೆ ಹಿಡಿತ ಹೇಳಿಕೊಡುವ ಕೆಲಸವನ್ನು ಕಮಾಂಡೆಂಟರು ಅವಳಿಗೇ ಒಪ್ಪಿಸಿದ್ದಾರೆ.

ಈ ವರ್ಷ ಬಂದ ಹುಡುಗಿಯರಲ್ಲಿ ಶಿವಗಂಗಾ ಎಂಬವಳ ಕೈ ಎಷ್ಟು ದೊಡ್ಡದೆಂದರೆ, ಜಾಲಿಯ ಚಕ್ಕೆಯಲ್ಲಿ ಅವಳ ಬೆರಳು ಕುದುರೆಯನ್ನು ದಾಟಿ ಹೋಗುತ್ತಿತ್ತು. ಸಾಲಿನಲ್ಲಿ ನಿಂತಿದ್ದವರಲ್ಲಿ ಒಬ್ಬಳು, "ಗಂಡಸರ ಕೈ ನೋಡು," ಎಂದು ಕಿಸಕ್ಕೆಂದಳು. ಶಿವಗಂಗಾ ಕೈಯನ್ನು ಬೆನ್ನ ಹಿಂದೆ ಒಯ್ದಳು.

ಗದ್ದೆಮ್ಮನ ದವಡೆ ಬಿಗಿಯಿತು. ಆಡಿದವಳ ಮುಂದೆ ಹೋಗಿ ನಿಂತಳು.

"ಇನ್ನೊಮ್ಮೆ ಯಾರದರ ಕೈ ಮ್ಯಾಲೆ ಮಾತು ಬಂತಂದ್ರ ಮೈದಾನ ಹತ್ತು ಸುತ್ತು. ನಾನೂ ಹಿಂದs ಓಡ್ತೀನಿ, ನಿಲ್ಲಾಕ ಬಿಡಂಗಿಲ್ಲ."

ನಂತರ ಶಿವಗಂಗಾಳ ಹತ್ತಿರ ಬಂದು, ಅವಳ ಕೈಯನ್ನು ಮುಂದಕ್ಕೆ ತಂದು, ಗೆಣ್ಣಿನ ಹತ್ತಿರ ಅಮುಕಿ ನೋಡಿದಳು. ಜಾಲಿಯ ಚಕ್ಕೆ ಬಿಚ್ಚಿ, ಪಿಸ್ತೂಲಿನೊಂದಿಗೆ ಬಂದಿದ್ದ ಮೊದಲಿನ ದಪ್ಪ ಚಕ್ಕೆಗಳನ್ನೇ ಹಾಕಿ ಕೊಟ್ಟಳು.

"ಈಗ ಹಿಡಿ," ಎಂದಳು.